ಬೀಭತ್ಸರಸವೂ ‘ತೆತ್ಸುವೊ’ ಚಿತ್ರವೂ

ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಭರತನು ಬೀಭತ್ಸವನ್ನು ವಿಭಾಗಿಸುತ್ತ, ರಕ್ತ ಮೊದಲಾದವುಗಳಿಂದ ಹುಟ್ಟುವುದನ್ನು ಕ್ಷೋಭಜವೆಂದೂ ಮಲ ಕ್ರಿಮಿಗಳಿಂದ ಹುಟ್ಟುವುದನ್ನು ಉದ್ವೇಗಿಯೆಂದೂ ಕರೆದಿರುವನು. ಜಪಾನಿನ ತ್ಸುಕಾಮೊಟೊ ಶಿನ್ಯಾ ಅವರ ‘ತೆತ್ಸುವೊ’ (1989) ಎಂಬ ಚಲಚ್ಚಿತ್ರವು ಮೊದಲ ಕೆಲವು ನಿಮಿಷಗಳಲ್ಲಿಯೇ ಇವೆರಡನ್ನೂ ನಮ್ಮ ಮುಂದೆ ಇಡುತ್ತದೆ. ಲೋಹದ ಹುಚ್ಚು ಹಿಡಿದವನೊಬ್ಬನು ತನ್ನ ತೊಡೆಯನ್ನು ಸೀಳಿ ಕಬ್ಬಿಣದ ಸರಳನ್ನು ತುರುಕಿಕೊಳ್ಳುತ್ತಾನೆ. ಬಳಿಕ ನೋಡಿದರೆ ಗಾಯದಲ್ಲಿ ಹುಳುಗಳು ಮಿಡುಕುತ್ತಿರುತ್ತವೆ. ಆದರೆ ವಿಭಾವವಿದ್ದ ಮಾತ್ರಕ್ಕೆ ರಸವುಂಟಾಯಿತೆಂದು ಹೇಳಲಾಗದು. ಅಸಹ್ಯವನ್ನು ಕಂಡು ಮುಖ ತಿರುಗಿಸುವುದು ಲೋಕದಲ್ಲಿಯೂ ಉಂಟು. ಅದಕ್ಕೆ ಕಲೆ ಬೇಕಾಗಿಲ್ಲ. ದೇಹವಿಕಾರವನ್ನೇ ವಸ್ತುವಾಗಿ ಉಳ್ಳ ಚಿತ್ರಗಳ ಮೇಲೆ ಬರುವ ಆಕ್ಷೇಪಣೆಯೂ ಇದೇ. ಅದು ಈ ಕೃತಿಗೆ ಎಷ್ಟರ ಮಟ್ಟಿಗೆ ತಗಲುವುದೆಂಬುದನ್ನು ವಿಚಾರಿಸಬೇಕಾಗಿದೆ.

ಹೆಸರಿಗೆ ‘ಕಬ್ಬಿಣದ ಗಂಡಸು’ ಎಂದು ಅಕ್ಷರಾರ್ಥ. 16 ಮಿಲಿಮೀಟರಿನ ಕಪ್ಪು ಬಿಳುಪು ಚಿತ್ರ. ಅವಧಿ 67 ನಿಮಿಷ. ಕಥೆ, ನಿರ್ದೇಶನ, ಸಂಕಲನಗಳೆಲ್ಲವೂ ತ್ಸುಕಾಮೊಟೊ ಅವರವೇ. ಲೋಹದ ಹುಚ್ಚನ ಪಾತ್ರವೂ ಅವರದೇ. ನಾಯಕನ ಪ್ರೇಯಸಿಯಾಗಿ ನಟಿಸಿದ ಫುಜಿವಾರಾ ಕೆಯಿ ಅವರು ಛಾಯಾಗ್ರಹಣದಲ್ಲಿಯೂ ಪಾಲುಗೊಂಡರು. ಇಷ್ಟು ಕೈಬಿಗಿಯಲ್ಲಿ ಹುಟ್ಟಿದ ಚಿತ್ರದ ಆಹಾರ್ಯವು ಹೇಗಿದ್ದೀತು? ತಂತಿ, ಕೊಳವೆ, ಯಂತ್ರಗಳ ಬಿಡಿಭಾಗ, ಇವೇ ನಟನ ಮೈಗೆ ಅಂಟಿದ ವಿಕಾರವಾಗಿವೆ. ಇದಕ್ಕೆ ಮೂರು ವರ್ಷ ಮೊದಲು, 1986ರಲ್ಲಿ, ಡೇವಿಡ್ ಕ್ರೊನೆನ್‌ಬರ್ಗ್ ಅವರ ‘ದಿ ಫ್ಲೈ’ ಬಂದಿತ್ತು. ಪ್ರಸಾಧನಕ್ಕಾಗಿ ಆಸ್ಕರ್ ಪಡೆದ ಆ ಚಿತ್ರದಲ್ಲಿ ಮಾಂಸವು ಒಳಗಿನಿಂದ, ಮೆಟ್ಟಲು ಮೆಟ್ಟಲಾಗಿ ಕೆಡುತ್ತದೆ. ಉಗುರು ಕಳಚುತ್ತದೆ, ಕಿವಿ ಬೀಳುತ್ತದೆ. ಬೆಸುಗೆ ಎಲ್ಲಿಯೂ ಕಾಣದು. ‘ತೆತ್ಸುವೊ’ದಲ್ಲಿ ಬೆಸುಗೆಯೇ ಮೊದಲು ಕಣ್ಣಿಗೆ ಬೀಳುವುದು. ಇದನ್ನು ಬಡತನದ ದೋಷವೆಂದು ಕ್ಷಮಿಸಬೇಕಾದ ಅಗತ್ಯವಿಲ್ಲ. ಇಲ್ಲಿಯ ವಿಕಾರವು ಮೈಯಲ್ಲಿ ಬೆಳೆದ ರೋಗವಲ್ಲ. ಹೊರಗಿನಿಂದ ಬಂದು ಹತ್ತಿಕೊಂಡು, ಕೀಳಲು ಬಾರದೆ ನಿಂತ ವಸ್ತು. ಅಂಟಿಸಿದಂತೆ ಕಾಣುವುದೇ ಅದರ ನಿಜಸ್ವರೂಪ.

ತಾಗುಚಿ ತೊಮೊರೊವೊ ಅವರು ಅಭಿನಯಿಸಿದ ಸಾಮಾನ್ಯ ನೌಕರನು ಕನ್ನಡಿಯ ಮುಂದೆ ಮುಖಕ್ಷೌರ ಮಾಡಿಕೊಳ್ಳುತ್ತಿರುವಾಗ, ಕೆನ್ನೆಯಲ್ಲಿ ಲೋಹದ ಸಣ್ಣದೊಂದು ಮುಳ್ಳು ಕೈಗೆ ತಗಲುತ್ತದೆ. ಮುಟ್ಟಿದರೆ ರಕ್ತ ಚಿಮ್ಮುತ್ತದೆ. ಅವನು ಕೂಗಿ ಯಾರನ್ನೂ ಕರೆಯುವುದಿಲ್ಲ. ಅದನ್ನು ಮರೆಮಾಡಿಕೊಂಡು ಎಂದಿನಂತೆ ಹೊರಡುತ್ತಾನೆ. ನಮ್ಮ ಅಭಿಪ್ರಾಯದಲ್ಲಿ ಇಡೀ ಚಿತ್ರದ ಜೀವಸ್ಥಾನವು ಇದೇ. ಭರತನು ಬೀಭತ್ಸಕ್ಕೆ ಹೆಸರಿಸಿ ಹೇಳಿದ ವ್ಯಭಿಚಾರಿಭಾವಗಳಲ್ಲಿ ಅಪಸ್ಮಾರ, ಆವೇಗ, ಮೋಹ, ವ್ಯಾಧಿ, ಮರಣಗಳಿವೆ, ವ್ರೀಡೆಯ ಹೆಸರಿಲ್ಲ. ಇಲ್ಲಿ ಜುಗುಪ್ಸೆಯನ್ನು ಪೋಷಿಸುವುದು ವ್ರೀಡೆಯೇ. ನೋಡುವವನಿಗಿಂತ ಮೊದಲು ತನ್ನ ಮೈಯನ್ನು ಕಂಡು ಹೇಸುವವನು ಪಾತ್ರಧಾರಿ. ಆ ನಾಚಿಕೆಯ ಮೂಲಕ ಪ್ರೇಕ್ಷಕನ ಬರಿಯ ಅಸಹ್ಯವು ರಸದ ದಾರಿಗೆ ಹತ್ತುತ್ತದೆ. ಹಗಲೂ ಇರುಳೂ ಮರೆಸಬೇಕಾದ ವಸ್ತುವು ಒರಟಾಗಿ, ಬೆಳಕಿಗೆ ಹೊಳೆಯುವ ನಿಜವಾದ ಲೋಹವಾಗಿದ್ದಷ್ಟೂ ಮರೆಸುವವನ ಸಂಕಟ ಹೆಚ್ಚು.

ಬೆನ್ನಟ್ಟುವ ಭಾಗಗಳಲ್ಲಿ ನಟನನ್ನು ಸ್ವಲ್ಪ ಸ್ವಲ್ಪವೇ ಸರಿಸಿ, ಒಂದೊಂದೇ ಚೌಕಟ್ಟನ್ನು ಹಿಡಿದು ಕೂಡಿಸಿದ್ದಾರೆ. ಪರದೆಯ ಒಂದು ಕ್ಷಣಕ್ಕೆ 24 ಚೌಕಟ್ಟುಗಳು ಬೇಕೆಂಬುದನ್ನು ನೆನೆದರೆ ಪಟ್ಟ ಶ್ರಮವು ತಿಳಿಯುವುದು. ಮೈ ತಾನೇ ನಡೆಯದೆ, ಯಾವುದೋ ಅದನ್ನು ಎಳೆದಂತೆ ಬೀದಿಯಲ್ಲಿ ಜಾರುತ್ತದೆ. ಇಶಿಕಾವಾ ಚೂ ಅವರ ಸಂಗೀತದ ಲೋಹಘಾತವೂ ಇದಕ್ಕೆ ಒದಗಿದೆ.

ಆದರೆ ಕೊನೆಯ ಭಾಗವನ್ನು ಇದೇ ರೀತಿ ಸಮರ್ಥಿಸಲಾರೆವು. ನೌಕರನೂ ಹುಚ್ಚನೂ ಬೆಸೆದು ಒಂದೇ ಲೋಹರಾಶಿಯಾಗಿ, ಜಗತ್ತನ್ನೆಲ್ಲ ತುಕ್ಕುಹಿಡಿಸುವೆವೆಂದು ಹೊರಡುವಾಗ, ಮರೆಸಬೇಕಾದ ಮುಖವೇ ಉಳಿದಿರುವುದಿಲ್ಲ. ವ್ರೀಡೆ ಹೋದೊಡನೆ ಜುಗುಪ್ಸೆಯೂ ಸಡಿಲುತ್ತದೆ. ಅಲ್ಲಿರುವುದು ಅದ್ಭುತ, ಅದರ ಅಂಚಿನಲ್ಲಿ ಸ್ವಲ್ಪ ಹಾಸ್ಯ. ಓಟದ ದೃಶ್ಯಗಳನ್ನು ಅರ್ಧಕ್ಕೆ ಇಳಿಸಿದ್ದರೂ ನಷ್ಟವಿರಲಿಲ್ಲ. 1992ರಲ್ಲಿ ಬಂದ ಎರಡನೆಯ ‘ತೆತ್ಸುವೊ’ ಬಣ್ಣದ ಚಿತ್ರ. ಅದರಲ್ಲಿ ಮಗನನ್ನು ಅಪಹರಿಸಿದವರ ಮೇಲಣ ತಂದೆಯ ಕ್ರೋಧವೇ ಮೈಯನ್ನು ಆಯುಧವಾಗಿಸುವುದರಿಂದ, ಅದನ್ನು ರೌದ್ರದ ಕೆಳಗೆ ಪರೀಕ್ಷಿಸುವುದು ಉಚಿತ.