ಸೊಂಟದ ಕತ್ತಿಯ ಯೋಗ್ಯತೆ

ಕತ್ತಿ ಮಾಡಿಸಲು ಹೋದ ತೋಟಿಗ ಈಗ ಸೊಪ್ಪಿನ ಮಾತು ಎತ್ತುವುದು ಕಡಿಮೆ, ಹಂದಿಯ ಮಾತೇ ಹೆಚ್ಚು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕುಲುಮೆಗಳ ಮುಂದೆ, ಕಬ್ಬಿಣದ ಅಂಗಡಿಗಳಲ್ಲಿ, ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ಪೇಟೆಯಲ್ಲಿ ಬೇಡಿಕೆಯ ಧಾಟಿ ಹೆಚ್ಚುಕಡಿಮೆ ಒಂದೇ: “ಆಚಾರ್ರೇ, ಗಟ್ಟಿ ಕತ್ತಿ ಒಂದು ಬೇಕು. ಎದುರಿಗೆ ಏನು ಬಂದರೂ ತಡೀಬೇಕು.” ಇದಕ್ಕೆ ತಕ್ಕಂತೆ ಅಲಗು ಉದ್ದವಾಗುತ್ತಿದೆ, ದಪ್ಪವಾಗುತ್ತಿದೆ. ಮೊಬೈಲಿನಲ್ಲಿ ಕುಕ್ರಿ ತರಿಸುವವರೂ ಇದ್ದಾರೆ.

ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ದೊಡ್ಡ ಪ್ರಾಣಿಗೆ ಯಾವ ಕತ್ತಿಯೂ ಸರಿಯಲ್ಲ. ಸಣ್ಣ ಕೀಟಕ್ಕೆ ಸರಿಯಾದ ಕತ್ತಿ ನಮ್ಮಲ್ಲಿ ಮೊದಲಿಂದಲೂ ಇದೆ. ತಾಪತ್ರಯ ಏನೆಂದರೆ, ಹಂದಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಆರಿಸಿದ ಕತ್ತಿ ಕೀಟದ ಕೆಲಸಕ್ಕೂ ಬಾರದಂತಾಗುತ್ತದೆ.

ಹಂದಿಯಿಂದಲೇ ಶುರುಮಾಡೋಣ. ಗಂಡುಹಂದಿಗಳು ತಮ್ಮತಮ್ಮಲ್ಲೇ ಕಾದಾಡುವ ಪ್ರಾಣಿಗಳು. ಕೋರೆಯ ಏಟು ತಾಳಲೆಂದೇ ಅವುಗಳ ಭುಜದ ಮೇಲೆ, ಪಕ್ಕೆಯ ಮೇಲೆ ಚರ್ಮ ದಪ್ಪಗಟ್ಟಿರುತ್ತದೆ. ಬಲಿತ ಹಂದಿ ನೂರು ಕಿಲೋ ದಾಟುವುದು ಅಪರೂಪವಲ್ಲ. ಅದು ನುಗ್ಗುವುದು ತಲೆ ತಗ್ಗಿಸಿ, ಕೋರೆ ತಾಗುವುದು ಮನುಷ್ಯನ ಮೊಣಕಾಲು-ತೊಡೆಯ ಎತ್ತರಕ್ಕೆ. ಹತ್ತು-ಹನ್ನೆರಡು ಅಂಗುಲದ ಅಲಗಿನಿಂದ ಹೊಡೆಯಬೇಕಾದರೆ ಬಗ್ಗಲೇಬೇಕು. ಬಗ್ಗಿದವನ ಹೊಟ್ಟೆ, ಮುಖ ಹಂದಿಯ ಕೋರೆಗೆ ಇನ್ನೂ ಹತ್ತಿರ. ಯುರೋಪಿನ ಬೇಟೆಗಾರರು ಹಂದಿಗೆಂದು ಮಾಡಿಸುತ್ತಿದ್ದ ಈಟಿಯನ್ನು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಆಳೆತ್ತರದ ಆ ಈಟಿಯ ಅಲಗಿನ ಕೆಳಗೆ ಅಡ್ಡಪಟ್ಟಿಯೊಂದಿರುತ್ತಿತ್ತು. ಈಟಿ ಒಳಹೊಕ್ಕ ಮೇಲೂ ಹಂದಿ ನಿಲ್ಲದೆ, ಕೋಲಿನುದ್ದಕ್ಕೂ ತಳ್ಳಿಕೊಂಡು ಬಂದು ಹಿಡಿದವನನ್ನೇ ಸೀಳುತ್ತದೆ ಎಂಬ ಭಯಕ್ಕೆ ಆ ಪಟ್ಟಿ. ಬ್ರಿಟಿಷ್ ಅಧಿಕಾರಿಗಳು ಇಲ್ಲಿ ಹಂದಿ ಬೇಟೆಗೆ ಇಳಿದಾಗಲೂ ಕುದುರೆಯ ಮೇಲೆ ಕೂತು ಉದ್ದದ ಭರ್ಜಿ ಹಿಡಿದಿದ್ದರು. ಅಷ್ಟುದ್ದದ ಆಯುಧಕ್ಕೇ ಅಷ್ಟು ಎಚ್ಚರಿಕೆ ಬೇಕಿದ್ದಾಗ, ಮಳೆಗಾಲದ ಜಾರು ಕಾಲುವೆ ಅಂಚಿನಲ್ಲಿ ಹವಾಯಿ ಚಪ್ಪಲಿ ಹಾಕಿ ನಿಂತವನ ಸೊಂಟದ ಕತ್ತಿ ಏನು ಮಾಡೀತು?

ಮಂಗ, ಮುಸಿಯಗಳ ಮಾತು ಇನ್ನೂ ಬೇರೆ. ಅವು ಕತ್ತಿಗೆ ಸಿಗುವ ದೂರಕ್ಕೆ ಬರುವುದೇ ಇಲ್ಲ. ಬಂದರೆ ಹೆದರಬೇಕಾದವರು ನಾವು. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಸಿದ್ದಾಪುರಕ್ಕೆ ಹೊರಗಿನದಲ್ಲ. 2024ರಲ್ಲೂ ಆ ತಾಲ್ಲೂಕಿನಲ್ಲಿ ಜನ ಅದರಿಂದ ನರಳಿದ್ದಾರೆ. ರೋಗ ದಾಟಿಸುವುದು ಉಣ್ಣೆ. ಮಂಗ ಸತ್ತ ಜಾಗದಲ್ಲಿ ಸೋಂಕಿನ ಉಣ್ಣೆಗಳು ಉದುರಿ ಬಿದ್ದಿರುತ್ತವೆ. ಹಾಗಿರುವಾಗ ಹತ್ತಿರ ಹೋಗಿ ಬಡಿಯುವುದು ಶೌರ್ಯವೂ ಅಲ್ಲ, ಉಪಾಯವೂ ಅಲ್ಲ.

ಕಾನೂನು ಇದಕ್ಕಿಂತ ಕಟು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯ ನಂತರ ನಮ್ಮ ಕೆಂಪುಮೂತಿಯ ಮಂಗ ಮೊದಲ ಅನುಸೂಚಿಗೆ ಏರಿದೆ, ಕಾಡುಕೋಣ ಅಲ್ಲಿ ಮೊದಲೇ ಇತ್ತು, ಹಂದಿ ಎರಡನೆಯದರಲ್ಲಿದೆ. ಬೆಳೆ ಹಾಳಾಯಿತೆಂದು ಹಂದಿಯನ್ನು ಕೊಲ್ಲಲು ಅಧಿಕಾರಿಯ ಲಿಖಿತ ಅನುಮತಿ ಬೇಕು. ಜೀವ ಉಳಿಸಿಕೊಳ್ಳಲು ಸದುದ್ದೇಶದಿಂದ ಹೊಡೆದರೆ ಮಾತ್ರ ಅಪರಾಧವಲ್ಲ. ಕತ್ತಿಯ ಮಟ್ಟಿಗೂ ಒಂದು ಮಾತಿದೆ. ಒಂಬತ್ತು ಅಂಗುಲಕ್ಕಿಂತ ಉದ್ದದ ಅಥವಾ ಎರಡು ಅಂಗುಲಕ್ಕಿಂತ ಅಗಲದ ಅಲಗನ್ನು ಶಸ್ತ್ರ ನಿಯಮಗಳು ಆಯುಧದ ಸಾಲಿಗೆ ಸೇರಿಸುತ್ತವೆ; ಮನೆವಾರ್ತೆಗೆ, ಬೇಸಾಯಕ್ಕೆಂದು ಮಾಡಿದ್ದಕ್ಕೆ ಮಾತ್ರ ವಿನಾಯಿತಿ. ನಮ್ಮ ಕತ್ತಿ ಈ ವಿನಾಯಿತಿಯಲ್ಲೇ ಬದುಕಿದೆ. ಅದನ್ನು ಹಂದಿಗೆಂದು ಕೊಂಡೆ ಎನ್ನುವವನು ತನ್ನ ರಕ್ಷಣೆಯನ್ನು ತಾನೇ ಬಿಟ್ಟುಕೊಟ್ಟಂತೆ.

ಹಾಗಾದರೆ ಕತ್ತಿ ಪೀಡೆಯನ್ನು ಎದುರುಗೊಳ್ಳುವುದು ಎಲ್ಲಿ? ಬಾಳೆಯ ಬುಡದಲ್ಲಿ. ಅಡಕೆ ತೋಟದ ನಡುವಣ ಬಾಳೆಗೆ ಕಾಂಡ ಕೊರೆಯುವ ಮೂತಿಹುಳ, ಗೆಡ್ಡೆ ಕೊರೆಯುವ ಮೂತಿಹುಳ ಎರಡೂ ಕಾಟ ಕೊಡುತ್ತವೆ. ಗೊನೆ ಕಡಿದ ಮೇಲೆ ದಿಂಡನ್ನು ನಿಲ್ಲಲು ಬಿಟ್ಟರೆ ಅದೇ ಅವುಗಳ ಹೆರಿಗೆಮನೆ. ದಿಂಡನ್ನು ಬುಡಸಹಿತ ಕಡಿದು, ಮೊಳದುದ್ದದ ತುಂಡು ಮಾಡಿ, ಉದ್ದಕ್ಕೆ ಸೀಳಿ, ಸೀಳಿದ ಮುಖ ಕೆಳಗಾಗುವಂತೆ ಗಿಡಗಳ ನಡುವೆ ಇಟ್ಟರೆ ಹಸಿ ವಾಸನೆಗೆ ದುಂಬಿಗಳು ಬಂದು ಅಡಿಯಲ್ಲಿ ಕೂರುತ್ತವೆ. ಬೆಳಿಗ್ಗೆ ಮಗುಚಿ, ಹೆಕ್ಕಿ, ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕುವುದು. ಖರ್ಚಿಲ್ಲದ ಬಲೆ ಇದು. ಇದಕ್ಕೆ ಬೇಕಾದ್ದು ತೂಕದ ಕತ್ತಿಯಲ್ಲ, ತೆಳುವಾದ ಬಾಯಿ. ದಪ್ಪ ಅಲಗು ದಿಂಡನ್ನು ಸೀಳುವುದಿಲ್ಲ, ಜಜ್ಜುತ್ತದೆ.

ಮಾವು, ಚಿಕ್ಕು, ಗೇರಿಗೆ ಹತ್ತುವ ಬದನಿಕೆಯದೂ ಇದೇ ಕಥೆ. ಹಕ್ಕಿ ತಂದು ಅಂಟಿಸಿದ ಬೀಜ ಕೊಂಬೆಯೊಳಗೆ ಬೇರಿಳಿಸಿರುತ್ತದೆ. ಎಲೆ ಚೆಲ್ಲಾಡಿದ ಭಾಗವನ್ನಷ್ಟೇ ಸವರಿದರೆ ಮುಂದಿನ ಮಳೆಗೆ ಮತ್ತೆ ಚಿಗುರುತ್ತದೆ. ಅಂಟಿದ ಗಂಟಿನ ಕೆಳಗೆ, ಆರೋಗ್ಯದ ಮರದಲ್ಲಿ, ಒಂದೇ ಏಟಿಗೆ ಕೊಂಬೆ ಬೀಳಬೇಕು, ಅದೂ ಬದನಿಕೆ ಹಣ್ಣು ಬಿಡುವ ಮೊದಲು. ಮರದ ಮೇಲೆ ಒಂದು ಕೈಯಲ್ಲಿ ಜೋತುಬಿದ್ದು ಇನ್ನೊಂದರಲ್ಲಿ ಹೊಡೆಯುವವನಿಗೆ ಒಂದು ಕಿಲೋ ಕಬ್ಬಿಣ ಕೊಟ್ಟು ನೋಡಿ. ಸಿಂಗಾರ ತಿನ್ನುವ ಹುಳುವಿಗಂತೂ ಕತ್ತಿಯ ತುದಿ ಸಾಕು: ಬಿಡಿಸದೆ ನಿಂತ ಹೊಂಬಾಳೆಯನ್ನು ಸೀಳಿ ಒಳಗಿನದನ್ನು ಬೆಳಕಿಗೆ ತರುವಷ್ಟು.

ಇಲ್ಲಿ ಕತ್ತಿಯ ಒಂದು ದೋಷವನ್ನೂ ಹೇಳಬೇಕು. ಈ ಭಾಗವನ್ನು ಕತ್ತಿ ಮಾರುವವರು ಹೇಳುವುದಿಲ್ಲ, ಕೊಳ್ಳುವವರು ಕೇಳುವುದಿಲ್ಲ. ತೆಂಗಿನ ಕೆಂಪು ಮೂತಿಹುಳ ಗಾಯವನ್ನು ಹುಡುಕಿಕೊಂಡು ಬರುತ್ತದೆ. ಹಸಿ ಗಾಯದ ವಾಸನೆ ಹಿಡಿದು ಅಲ್ಲಿ ಮೊಟ್ಟೆಯಿಡುತ್ತದೆ, ಮರಿಗಳು ಒಳಗೆ ತಿರುಳು ತಿಂದು ಸುಳಿ ಬೀಳುವವರೆಗೆ ಹೊರಗೆ ಗೊತ್ತಾಗುವುದು ಕಷ್ಟ. ಅದಕ್ಕೇ ಹಸಿ ಮಡಲು ಕಡಿಯಲೇಬೇಕಾದರೆ ಕಾಂಡದಿಂದ ಸುಮಾರು 120 ಸೆಂ.ಮೀ. ಬಿಟ್ಟು ಕಡಿಯಬೇಕೆಂಬ ಸಲಹೆ ಇರುವುದು. ಹತ್ತಲು ಅನುಕೂಲವೆಂದು ಮರಕ್ಕೆ ಮೆಟ್ಟಿಲು ಕೊಚ್ಚುವ, ಹೋಗುತ್ತ ಬರುತ್ತ ಮರಕ್ಕೆ ಕತ್ತಿ ಕಚ್ಚಿಸಿ ನಿಲ್ಲಿಸುವ ಅಭ್ಯಾಸ ಕೀಟಕ್ಕೆ ಬಾಗಿಲು ತೆರೆದಿಟ್ಟಂತೆ. ಹೊಸದಾಗಿ ಭಾರದ ಕತ್ತಿ ಕೊಂಡವನ ಕೈ ಸುಮ್ಮನಿರುವುದಿಲ್ಲ, ಈ ಅನಾಹುತ ಹೆಚ್ಚುವುದೂ ಅವನ ತೋಟದಲ್ಲೇ.

ಅಡಕೆಗೆ ಈ ಸೀಮೆಯ ಹಳೆಯ ಶತ್ರು ಕೊಳೆರೋಗ. ಅದರ ಮುಂದೆ ಕತ್ತಿಯ ಪಾತ್ರ ವಿಚಿತ್ರವಾದದ್ದು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ 1910ರಲ್ಲಿ ಈ ರೋಗದ ಕುರಿತು ಬರೆದರು. ಫ್ರಾನ್ಸಿನ ದ್ರಾಕ್ಷಿತೋಟದಲ್ಲಿ ಹುಟ್ಟಿದ ಬೋರ್ಡೋ ದ್ರಾವಣ ಅಡಕೆ ಮರದ ತುದಿಗೆ ಏರಿದ್ದು ಆ ಕಾಲದಲ್ಲಿ. ನಮ್ಮಲ್ಲಿ ಕರಡದ ಕೊಟ್ಟೆ ಕಟ್ಟುವುದರ ಜೊತೆಗೆ ಅದೂ ಬಂತು. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಸುಣ್ಣ ಹಳತಾಗಿದ್ದರೆ ಲೆಕ್ಕ ತಪ್ಪಿ ದ್ರಾವಣ ಹುಳಿಯಾಗಿ ಎಳೆ ಕಾಯಿ, ಸಿಂಗಾರ ಸುಡುತ್ತದೆ. ಹುಳಿ ಇದೆಯೇ ಇಲ್ಲವೇ ಎಂದು ತಿಳಿಯಲು ಪಿಎಚ್ ಕಾಗದ ಬರುವ ಮೊದಲಿನಿಂದಲೂ ಇರುವ ಉಪಾಯ, ಉಜ್ಜಿ ಹೊಳಪು ಮಾಡಿದ ಕತ್ತಿಯ ಬಾಯನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದುವುದು. ಕೆಂಪು ಪದರ ಕೂತರೆ ಕಬ್ಬಿಣ ಕರಗಿ ತಾಮ್ರ ಅದರ ಜಾಗ ಹಿಡಿದಿದೆ ಎಂದರ್ಥ. ಸುಣ್ಣದ ನೀರು ಇನ್ನೂ ಬೇಕು. ಹೊಳಪು ಹಾಗೆಯೇ ಉಳಿದರೆ ಮರ ಹತ್ತಬಹುದು. ಸ್ಟೇನ್‌ಲೆಸ್ ಅಲಗನ್ನು ಈ ಪರೀಕ್ಷೆಗೆ ನಂಬುವಂತಿಲ್ಲ. ತುಕ್ಕು ಹಿಡಿಯದಂತೆ ಕಾಯುವ ಅದರ ಮೇಲ್ಪದರವೇ ತಾಮ್ರಕ್ಕೂ ಅಡ್ಡ ನಿಲ್ಲುತ್ತದೆ. ತುಕ್ಕು ಹಿಡಿಯುವ ಗುಣವನ್ನು ಕುಲುಮೆ ಕತ್ತಿಯ ದೋಷವೆಂದೇ ಎಣಿಸುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಈಗ ಉಕ್ಕು. ನಮ್ಮ ಕುಲುಮೆಗಳ ಒಳ್ಳೆಯ ಕತ್ತಿಗಳು ಬಹುಪಾಲು ಲಾರಿಯ, ಜೀಪಿನ ಸ್ಪ್ರಿಂಗ್ ಪಟ್ಟಿಯಿಂದ ಆದವು. ಅದರಲ್ಲಿ ಇಂಗಾಲ ಸುಮಾರು ಶೇ 0.5ರಿಂದ 0.6, ಜೊತೆಗೆ ಸಿಲಿಕಾನ್, ಮ್ಯಾಂಗನೀಸ್. ಹೊಂಡಬಿದ್ದ ದಾರಿಯಲ್ಲಿ ವರ್ಷಗಟ್ಟಲೆ ಬಾಗಿ ಮತ್ತೆ ನೆಟ್ಟಗಾಗಲೆಂದೇ ಹುಟ್ಟಿದ ಉಕ್ಕು ಅದು. ಹಳೆಯ ಅರದಿಂದ ಮಾಡಿದ ಕತ್ತಿಗೆ ಬಾಯಿ ಇನ್ನೂ ಚೂಪು ಬರುತ್ತದೆ, ಆದರೆ ಇಂಗಾಲ ಶೇ 1 ದಾಟುವುದರಿಂದ ಬೈನೆ ಮರಕ್ಕೋ ಬಿದಿರಿನ ಗಂಟಿಗೋ ಬಡಿದರೆ ಚಕ್ಕೆ ಹಾರುತ್ತದೆ. ಪಟ್ಟಿಯಲ್ಲೂ ಎಲ್ಲ ತುಂಡೂ ಒಂದೇ ಅಲ್ಲ. ನಡುವಿನ ಬೋಲ್ಟಿನ ತೂತಿನ ಹತ್ತಿರ, ಸವೆದ ಅಂಚಿನ ಹತ್ತಿರ ಕಣ್ಣಿಗೆ ಕಾಣದ ಸೀಳು ಕೂತಿರುತ್ತದೆ. ಹಳೆ ಪಟ್ಟಿ ಕೊಟ್ಟು ಮಾಡಿಸುವವರು ತೂತಿನಿಂದ ದೂರದ ತುಂಡನ್ನೇ ಬಳಸಲು ಹೇಳುವುದು ಲೇಸು.

ಉಕ್ಕು ಒಳ್ಳೆಯದಾದರೆ ಅರ್ಧ ಕೆಲಸ. ಉಳಿದರ್ಧ ಹದದಲ್ಲಿದೆ, ಮತ್ತು ಕತ್ತಿಗಳು ಸೋಲುವುದು ಬಹುತೇಕ ಇಲ್ಲಿಯೇ. ಎಂಟುನೂರು ಡಿಗ್ರಿ ದಾಟಿದ ಕೆಂಪು ಅಲಗನ್ನು ಪೂರ್ತಿ ನೀರಿಗೆ ಮುಳುಗಿಸಿದರೆ ಸ್ಪ್ರಿಂಗ್ ಉಕ್ಕು ಬಿರುಕು ಬಿಡಬಹುದು. ಎಣ್ಣೆಯೇ ಅದಕ್ಕೆ ಹೊಂದುವುದು. ಬಲ್ಲ ಆಚಾರಿ ಬಾಯಿಯನ್ನಷ್ಟೇ ಅದ್ದುತ್ತಾನೆ, ಬೆನ್ನು ಮೆತ್ತಗೆ ಉಳಿಯುತ್ತದೆ. ಆಮೇಲೆ ಉಜ್ಜಿ ಬೆಳಗಿಸಿ, ಬೆನ್ನಿನ ಬಿಸಿ ಬಾಯಿಗೆ ಹರಿಯುವಾಗ ಬಣ್ಣ ನೋಡುತ್ತಾನೆ. ಒಣಹುಲ್ಲಿನ ಹಳದಿ 220-230 ಡಿಗ್ರಿ, ಕಂದು 255ರ ಸುಮಾರಿಗೆ, ನೇರಳೆ 280, ನೀಲಿ 300ರ ಹತ್ತಿರ. ಹಳದಿಯಲ್ಲೇ ನಿಲ್ಲಿಸಿದ ಕತ್ತಿ ಅಂಗಡಿಯಲ್ಲಿ ಬೆರಳಿಗೆ ಬಹಳ ಚೂಪು, ಬೆಟ್ಟದಲ್ಲಿ ಬಾಯಿ ಉದುರಿಸಿಕೊಳ್ಳುತ್ತದೆ. ಕಡಿಯುವ ಕತ್ತಿಗೆ ಕಂದು ದಾಟಿ ನೇರಳೆಯವರೆಗೆ ಬಿಡಬೇಕು. ಕೊಳ್ಳುವವನಿಗೆ ಇದನ್ನೆಲ್ಲ ನೋಡುವ ಅವಕಾಶವಿಲ್ಲ, ಆದರೆ ಒಂದು ಸಣ್ಣ ಅರ ಕಿಸೆಯಲ್ಲಿದ್ದರೆ ಸಾಕು. ಬಾಯಿಯ ಮೇಲೆ ಅರ ಜಾರಿಯೇ ಹೋದರೆ ಹದ ಹೆಚ್ಚು, ಮೊಳೆಯನ್ನು ಉಜ್ಜಿದಷ್ಟು ಸಲೀಸಾಗಿ ಕಚ್ಚಿದರೆ ಹದವೇ ಇಲ್ಲ, ಕಷ್ಟಪಟ್ಟು ಕಚ್ಚಬೇಕು. ಬೆನ್ನಿಗೆ ಬೆರಳಲ್ಲಿ ತಟ್ಟಿದರೆ ನಾದ ಬರಬೇಕು, ಬಿರುಕಿದ್ದದ್ದು ಬೊದ್ದ ಎನ್ನುತ್ತದೆ.

ಆಕಾರದ ವಿಷಯದಲ್ಲಿ ನಾನು ಹಳೆಯ ಪಕ್ಷದವನು. ಈ ಮೂರು ತಾಲ್ಲೂಕಿನಲ್ಲಿ ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟ ಬಿಟ್ಟುಕೊಟ್ಟ ವ್ಯವಸ್ಥೆ ಬ್ರಿಟಿಷರ ಕಾಲದ್ದು. ಮತ್ತಿ, ಕಿಂದಳದ ಟೊಂಗೆ ಸವರುತ್ತ ಸವರುತ್ತ ಕತ್ತಿಗೆ ಬಂದದ್ದು ಆ ಕೊಕ್ಕಿನಂಥ ಬಾಗು. ಅದು ಟೊಂಗೆಯನ್ನು ಎಳೆದು ಹಿಡಿಯುತ್ತದೆ, ಬೆತ್ತದ ಮುಳ್ಳನ್ನು ಕೈ ತಾಗಿಸದೆ ಸರಿಸುತ್ತದೆ, ನೆಲಕ್ಕೆ ಹತ್ತಿರ ಕಡಿಯುವಾಗ ಚೂಪು ತುದಿ ಕಲ್ಲಿಗೆ ಬಡಿಯದಂತೆ ಕಾಯುತ್ತದೆ. ಸೊಂಟದ ಹಿಂದಿನ ಕೊಕ್ಕೆಯಲ್ಲಿ ಅಲುಗಾಡದೆ ಕೂರುವುದೂ ಈ ಬಾಗಿನಿಂದಲೇ. ಕುಕ್ರಿಗೆ ಏಟಿನ ಬಲವಿದೆ, ಒಪ್ಪಬೇಕು. ಎಳೆಯುವ ಗುಣ ಮಾತ್ರ ಅದಕ್ಕಿಲ್ಲ, ನಮ್ಮ ಕೊಕ್ಕೆಗೂ ಹೊಂದದು. ಕೊಡಗಿನ ಒಡಿಕತ್ತಿ ನೋಡಲು ಭವ್ಯ, ಅದು ಕಾಳಗದ ಮನೆತನದ್ದು. ಪ್ಲಾಸ್ಟಿಕ್ ಹಿಡಿಯ ಸಿದ್ಧ ಕತ್ತಿಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ: ವರ್ಷಕ್ಕೆ ಎರಡೂವರೆ ಸಾವಿರ ಮಿ.ಮೀ. ಆಸುಪಾಸು ಮಳೆ ಸುರಿಯುವಲ್ಲಿ, ಬಾಳೆಯ ಲೋಳೆ ಮೆತ್ತಿದ ಕೈಯಲ್ಲಿ ಅವು ನಿಲ್ಲುವುದಿಲ್ಲ. ಮರದ ಕಾವು, ಬಾಯಿಗೆ ಬಿಗಿಯಾದ ಬಳೆ, ಒಳಗೆ ಸಾಕಷ್ಟು ಉದ್ದ ಹೋದ ಬಾಲ, ಇಷ್ಟು ನೋಡಿ ಕೊಂಡರೆ ಆಯಿತು.

ಕತ್ತಿಗೆ ನಿಜವಾದ ಸವಾಲು ಬಂದಿರುವುದು ಕಾರ್ಬನ್ ಫೈಬರ್ ದೋಟಿಯಿಂದ. ನೆಲದಲ್ಲಿ ನಿಂತೇ ಅರವತ್ತು ಅಡಿ ಮೇಲಿನ ಕೊಳೆತ ಗೊನೆಯನ್ನು ಇಳಿಸಬಹುದು. ಮರ ಹತ್ತುವವರೇ ಸಿಗದ ಕಾಲಕ್ಕೆ ಇದು ವರ. ಅದರ ತುದಿಗೆ ಬೇಕಾದ ಪುಟ್ಟ ಬಾಗುಕತ್ತಿಯ ಮೇಲೆ ಮಾತ್ರ ಇನ್ನೂ ಸಾಕಷ್ಟು ಗಮನ ಬಿದ್ದಿಲ್ಲ. ಸಾವಿರಗಟ್ಟಲೆ ಬೆಲೆಯ ಕೋಲಿಗೆ ಎರಡು ದಿನಕ್ಕೆ ಮೊಂಡಾಗುವ ತಗಡಿನ ಬಾಯಿ ಕೂರಿಸಿದ್ದನ್ನು ಕಂಡರೆ ಬೇಸರವಾಗುತ್ತದೆ. ಅದನ್ನು ಊರಿನ ಕುಲುಮೆಯಲ್ಲೇ ಪಟ್ಟಿ ಉಕ್ಕಿನಿಂದ ಮಾಡಿಸಿ ಹಾಕಿಕೊಂಡವರು ಬುದ್ಧಿವಂತರು.

ಹಂದಿಗೆ ಬೇಲಿ, ನಾಯಿ, ಸೋಲಾರ್ ತಂತಿ, ಅನುಮತಿಯ ಅರ್ಜಿ ಇವೇ ಗತಿ. ಕತ್ತಿಗೆ ಇಟ್ಟ ಹಣದಲ್ಲಿ ಉಳಿಸಿದ್ದನ್ನು ಒಂದು ಒಳ್ಳೆಯ ಮಸೆಗಲ್ಲಿಗೆ ಹಾಕಿ. ಪೇಟೆಯಲ್ಲಿ ಕರೆಂಟಿನ ಸಾಣೆ ಚಕ್ರಕ್ಕೆ ಒತ್ತಿ ಕಿಡಿ ಹಾರಿಸಿ ಮಸೆದುಕೊಡುತ್ತಾರಲ್ಲ, ಆಗ ಬಾಯಿ ನೀಲಿಗಟ್ಟಿತೆಂದರೆ ಆಚಾರಿ ಕೊಟ್ಟ ಹದ ಅಲ್ಲಿಗೆ ಮುಗಿಯಿತು. ಆ ನೀಲಿ ಭಾಗ ಸವೆದು ಹೋಗುವವರೆಗೂ ಕತ್ತಿ ಮೆತ್ತಗೇ ಇರುತ್ತದೆ, ತಪ್ಪು ಮಾತ್ರ ಮಾಡಿಕೊಟ್ಟವನ ತಲೆಗೆ ಬರುತ್ತದೆ.