‘ಓಟ್ಲು’ ಅಂದರೆ ನಗುವವರು

ಮೇಡ್ಲೇರಿಯಿಂದ ಬೆಂಗಳೂರಿಗೆ ಓದಲು ಹೋದ ಹುಡುಗನೊಬ್ಬ ಬೇಕರಿಯ ಗಾಜಿನ ಕಪಾಟಿನ ಮುಂದೆ ನಿಂತು, ತಿಂಡಿಯ ಹೆಸರು ಹೇಳಲು ಅಂಜಿ, ‘ಅದೊಂದು ಕೊಡ್ರಿ’ ಎಂದು ಬೆರಳು ತೋರಿಸುತ್ತಾನೆ ಎಂದಿಟ್ಟುಕೊಳ್ಳಿ. ಚೀಟಿಯ ಮೇಲಿನ ಹೆಸರನ್ನು ಅಕ್ಷರ ಕೂಡಿಸಿ ಓದಿದರೆ ‘ಕ್ರಾಯ್ಸೆಂಟ್’. ಫ್ರೆಂಚರ ಬಾಯಲ್ಲಿ ಕೊನೆಯ ಟಕಾರವಿಲ್ಲ. ಅದು ಸುಮಾರಾಗಿ ‘ಕ್ರ್ವಾಸಾಂ’. ತಪ್ಪಿದರೆ ನಗುತ್ತಾರೆಂಬ ಅಂಜಿಕೆ ಅವನದು. ಆ ನಗೆಗೆ ಭಾಷೆಯ ಆಧಾರ ಎಷ್ಟಿದೆ?

ಇಂಗ್ಲಿಷರನ್ನೇ ನೋಡಿ. 1066ರ ನಾರ್ಮನ್ ಗೆಲುವಿನ ನಂತರ ಫ್ರೆಂಚಿನಿಂದ ಪಡೆದ ಬೀಫ್, ಮಟನ್, ಪೋರ್ಕ್‌ಗಳನ್ನು ಇವತ್ತು ಅವರಲ್ಲಿ ಯಾರೂ ಫ್ರೆಂಚರಂತೆ ಉಚ್ಚರಿಸುವುದಿಲ್ಲ. ‘ರೆಸ್ಟೋರೆಂಟ್’ನ ಕೊನೆಯ ಟಕಾರ ಫ್ರೆಂಚಿನಲ್ಲಿ ಮೂಕ, ಇಂಗ್ಲಿಷರು ಅದನ್ನು ಧಾರಾಳವಾಗಿ ನುಡಿಯುತ್ತಾರೆ. ಹಳೆಯ ಸಾಲ ಸ್ವಂತ ಆಸ್ತಿಯಾಯಿತು. ಹೊಸ ಸಾಲಕ್ಕೆ ಮಾತ್ರ ಮೂಲ ಉಚ್ಚಾರಣೆಯ ಬಡ್ಡಿ.

ಕನ್ನಡಕ್ಕೂ ಇದು ಹೊಸದಲ್ಲ. 13ನೆಯ ಶತಮಾನದ ಕೇಶಿರಾಜ, ಸಂಸ್ಕೃತ ಪದಗಳು ಕನ್ನಡಕ್ಕೆ ಬಂದು ಬದಲಾಗುವ ಬಗೆಯನ್ನು ಹೇಳಲು ‘ಶಬ್ದಮಣಿದರ್ಪಣ’ದಲ್ಲಿ ಅಪಭ್ರಂಶ ಪ್ರಕರಣವನ್ನೇ ಮೀಸಲಿಟ್ಟ. ಶರ್ಕರಾ ಸಕ್ಕರೆಯಾಯಿತು, ಭೋಜನ ಬೋನವಾಯಿತು. ಹೆಸರು ಅಪಭ್ರಂಶವಾದರೂ ಅಲ್ಲಿರುವುದು ನಿಯಮ, ದೂರಲ್ಲ. ಹಳಗನ್ನಡದ ‘ಪಾಲ್’ ಕೊನೆಗೆ ಉಕಾರ ಪಡೆದು ‘ಹಾಲು’ ಆದ ಹಾದಿಯಲ್ಲೇ ಹೋಟೆಲ್ ‘ಹೋಟ್ಲು’ ಆಯಿತು, ಬಿಸ್ಕಿಟ್ ‘ಬಿಸ್ಕೀಟು’ ಆಯಿತು.

ಇದರಲ್ಲೊಂದು ತಮಾಷೆಯಿದೆ. ದಕ್ಷಿಣ ಕರ್ನಾಟಕದ ಕೆಲವರು ‘ಓಟ್ಲು’ ಎಂದಾಗ, ಹಕಾರ ಬಾರದವರೆಂದು ಓದಿದವರು ನಗುವುದುಂಟು. ಆದರೆ ಆ ಪದ ಇಂಗ್ಲಿಷಿಗೆ ಬಂದದ್ದು ಫ್ರೆಂಚಿನಿಂದ. ಅಲ್ಲಿ ಅದರ ಹಕಾರಕ್ಕೆ ಸದ್ದೇ ಇಲ್ಲ. ಮೂಲಕ್ಕೆ ಹತ್ತಿರವಿರುವುದೇ ಶುದ್ಧಿಯಾದರೆ ‘ಓಟ್ಲು’ ಎಂದವರೇ ಒಂದು ಹೆಜ್ಜೆ ಮುಂದಿದ್ದಾರೆ. ಆದರೂ ಅವರಿಗೆ ಆ ಮನ್ನಣೆ ಸಿಗುವುದಿಲ್ಲ. ಉಚ್ಚಾರಣೆಯ ನೆಪದಲ್ಲಿ ನಾವು ಅಳೆಯುವುದು ಆಡಿದವರ ಊರನ್ನು, ಜಾತಿಯನ್ನು, ಓದನ್ನು.

ನಮ್ಮ ಪಕ್ಕದ ಬ್ಯಾಡಗಿಯ ಮೆಣಸಿನಕಾಯಿ ಮರಾಠಿ ಅಡುಗೆಮನೆಯಲ್ಲಿ ‘ಬೇಡಗಿ’. ಹಾಗೆ ಕರೆದ ಮಾತ್ರಕ್ಕೆ ಸಾರಿನ ಕೆಂಪು ಕಡಿಮೆಯಾಗಿಲ್ಲ, ನಾವೂ ಅವಮಾನವೆಂದು ತಿಳಿದಿಲ್ಲ.

ಫ್ರೆಂಚ್ ಕಲಿಯುವವರು ಫ್ರೆಂಚರಂತೆ ನುಡಿಯಲು ಕಲಿಯಲಿ. ಅದು ಆ ಭಾಷೆಗೆ ಸಲ್ಲುವ ಗೌರವ. ಕನ್ನಡದಲ್ಲಿ ತಿಂಡಿ ಕೇಳುವ ಹುಡುಗನಿಗೆ ಆ ಪರೀಕ್ಷೆ ಬೇಡ. ಅವನು ಬೆರಳು ಇಳಿಸಿ, ಬಾಯಿಬಿಟ್ಟು ‘ಒಂದು ಕ್ರಾಸೆಂಟು ಕೊಡ್ರಿ’ ಎನ್ನಲಿ. ಕೊನೆಯ ಆ ಉಕಾರ ಹಾಲಿಗೆ ಒಪ್ಪಿದೆ, ಇದಕ್ಕೂ ಒಪ್ಪುತ್ತದೆ.