ಕಡಿಮೆ ದುಡ್ಡಿನ ಹೊಗೆ

ಸಿಗಾರ್‌ನಲ್ಲಿ ಅತಿ ದುಬಾರಿ ಎಲೆ ಮೈಮೇಲಿನದು. ಒಳಗೆ ತುಂಬುವ ಸೊಪ್ಪು ಹರಿದಿದ್ದರೂ ಕಲೆಯಾಗಿದ್ದರೂ ನಡೆಯುತ್ತದೆ. ಹೊದಿಕೆಯ ಎಲೆಗೆ ತೂತಿರಬಾರದು, ನರ ಉಬ್ಬಿರಬಾರದು, ಬಣ್ಣ ಒಂದೇ ಸಮ ಇರಬೇಕು. ಇದರ ಮೇಲೆ ಸುತ್ತುವವರ ಕೂಲಿ, ಸೊಪ್ಪು ಮಾಗಿಸಲು ಹಿಡಿಯುವ ಕಾಲ, ಸೀಡರ್ ಮರದ ಪೆಟ್ಟಿಗೆ, ಚಿನ್ನದ ಬಣ್ಣದ ಕಾಗದದ ಪಟ್ಟಿ. ಅಗ್ಗದ ಸಿಗಾರ್ ಮಾಡುವವನು ಇವುಗಳಲ್ಲಿ ಯಾವುದನ್ನು ಕೈಬಿಟ್ಟಿದ್ದಾನೆ ಎಂದು ಮೊದಲು ನೋಡಬೇಕು. ಪೆಟ್ಟಿಗೆ, ಪಟ್ಟಿ ಬಿಟ್ಟಿದ್ದರೆ ಒಳ್ಳೆಯದೇ ಆಯಿತು. ಮಾಗಿಸುವುದನ್ನು ಬಿಟ್ಟಿದ್ದರೆ ಎರಡನೆಯ ಎಳೆತಕ್ಕೇ ಅಮೋನಿಯಾದ ಘಾಟು ಮೂಗಿಗೆ ಬಡಿಯುತ್ತದೆ, ಗುಟ್ಟು ರಟ್ಟಾಗುತ್ತದೆ.

ಈ ಪೇಟೆಯ ದೊಡ್ಡ ಪಾಲು ಹವಾನಾದ ನೆರಳಿನಲ್ಲೇ ಬದುಕಿದೆ. ಕ್ರಾಂತಿಯ ನಂತರ ಕ್ಯೂಬಾ ಬಿಟ್ಟ ತಂಬಾಕಿನ ಮನೆತನಗಳು ನಿಕರಾಗುವಾ, ಹೊಂಡುರಾಸ್, ಡೊಮಿನಿಕನ್ ಗಣರಾಜ್ಯಗಳಲ್ಲಿ ಬೇರೂರಿದವು. 1962ರಲ್ಲಿ ಕೆನಡಿ ಹಾಕಿದ ನಿರ್ಬಂಧ ಅಮೆರಿಕದ ಇಡೀ ಮಾರುಕಟ್ಟೆಯನ್ನು ಅವರಿಗೆ ಒಪ್ಪಿಸಿತು. ನಿಕರಾಗುವಾದ ಫ್ಲೋರ್ ದೆ ಒಲಿವಾದಂಥ ಕಟ್ಟಿನ ಸಿಗಾರ್‌ಗಳು ಈ ವಂಶದವು. ಪೆಟ್ಟಿಗೆಯ ಗೊಡವೆಯಿಲ್ಲ, ಇಪ್ಪತ್ತೋ ಇಪ್ಪತ್ತೈದೋ ಒಟ್ಟಿಗೆ ಕಟ್ಟಿ ಮಾರುತ್ತಾರೆ. ನೇರವಾಗಿ ಉರಿಯುತ್ತವೆ, ಸಲೀಸಾಗಿ ಎಳೆಯುತ್ತವೆ, ಮೊದಲ ಅಂಗುಲದಲ್ಲಿ ಹೇಳಿದ್ದನ್ನೇ ಕೊನೆಯ ಅಂಗುಲದಲ್ಲೂ ಹೇಳುತ್ತವೆ. ದೂರಲು ಏನೂ ಸಿಗದು, ನೆನಪಿನಲ್ಲಿ ಉಳಿಯುವಂಥದ್ದೂ ಏನಿಲ್ಲ. ಡೊಮಿನಿಕನ್ ಮೂಲದ ಆರ್ತುರೋ ಫ್ಯುಯೆಂತೆ ಕರ್ಲಿ ಹೆಡ್ ಇದಕ್ಕಿಂತ ಜಾಣತನದ್ದು. ದುಬಾರಿ ಸಿಗಾರ್‌ಗಳನ್ನು ಕತ್ತರಿಸುವಾಗ ಉಳಿದ ಚೂರುಗಳೇ ಇದರ ಒಳತುಂಬು: ರಾತ್ರಿ ಮಿಕ್ಕ ಅನ್ನದ ಬೆಳಗಿನ ಚಿತ್ರಾನ್ನ. ಅಕ್ಕಿ ಒಳ್ಳೆಯದಾದ್ದರಿಂದ ರುಚಿ ಕೆಟ್ಟಿಲ್ಲ, ಆದರೆ ಬೇಗ ಬಿಸಿಯೇರುತ್ತದೆ.

ಇನ್ನು ಹೊಸೆ ಎಲ್ ಪಿಯೆದ್ರಾ. ಇದು ಅಪ್ಪಟ ಕ್ಯೂಬಾದ್ದೇ. ಆದರೆ ಹೆಸರಾಂತ ವುಯೆಲ್ತಾ ಅಬಾಹೋ ಸೀಮೆಯದಲ್ಲ, ರೆಮೆದಿಯೋಸ್ ಕಡೆಯ ಸೊಪ್ಪು, ಅದೂ ಚೂರು ಚೂರು. ಒರಟು ಮಣ್ಣಿನ ಗುಣವೊಂದು ಇದರಲ್ಲಿ ಇದೆ, ಒಪ್ಪುತ್ತೇನೆ. ಆದರೆ ಮೂರರಲ್ಲಿ ಎರಡು ಭಾಗ ಸುಟ್ಟ ಮೇಲೆ ಕಹಿ ನಾಲಿಗೆಗೆ ಅಂಟುತ್ತದೆ, ಸೊಪ್ಪಿನ ಪುಡಿ ತುಟಿಗೆ ಹತ್ತುತ್ತದೆ. ಕೊಳ್ಳುವವರು ಬೆಲೆ ತೆರುತ್ತಿರುವುದು ಬಹುಮಟ್ಟಿಗೆ ದ್ವೀಪದ ಹೆಸರಿಗೆ. ಪಟ್ಟಿ ಬಿಚ್ಚಿಟ್ಟು, ಒಂದೇ ದಪ್ಪದ ನಾಲ್ಕು ಸಿಗಾರ್‌ಗಳ ನಡುವೆ ಇದನ್ನೂ ಸೇರಿಸಿ ಕೊಟ್ಟರೆ ಎಷ್ಟು ಮಂದಿ ಇದನ್ನೇ ಎತ್ತಿ ಹಿಡಿದಾರು? (ಚಾಕೊಲೇಟು, ಚರ್ಮ, ಒಣಹುಲ್ಲು ಎಂದೆಲ್ಲ ರುಚಿ ಪಟ್ಟಿ ಮಾಡುವವರ ಉತ್ಸಾಹ ಪಟ್ಟಿ ಬಿಚ್ಚಿದೊಡನೆ ಅರ್ಧಕ್ಕೆ ಇಳಿಯುತ್ತದೆ.)

ನನ್ನ ಒಲವು ಇಟಲಿಯ ತೊಸ್ಕಾನೋ ಕಡೆಗೆ. 1815ರಲ್ಲಿ ಫ್ಲಾರೆನ್ಸಿನಲ್ಲಿ ಮಳೆಗೆ ನೆನೆದ ತಂಬಾಕು ಹುದುಗೆದ್ದಿತು, ಎಸೆಯಲು ಮನಸ್ಸಾಗದೆ ಬಡವರಿಗೆಂದು ಸುತ್ತಿ ಮಾರಿದರು ಎಂಬುದು ಅದರ ಹುಟ್ಟಿನ ಕತೆ. ಕತೆ ಹೇಗೇ ಇರಲಿ, 1818ರಿಂದ ಅಲ್ಲಿ ತಯಾರಿಕೆ ನಡೆದದ್ದು ನಿಜ. ಕೆಂಟಕಿ ತಳಿಯ ಸೊಪ್ಪನ್ನು ಓಕ್, ಬೀಚ್ ಸೌದೆಯ ಬೆಂಕಿಯ ಹೊಗೆಯಲ್ಲಿ ಹದಗೊಳಿಸುತ್ತಾರೆ. ನಡು ಉಬ್ಬಿ ಎರಡೂ ತುದಿ ಸಣ್ಣಗಾದ, ಗಂಟುಗಂಟಿನ, ಕಡ್ಡಿಯಂಥ ಆಕಾರ. ಒಳಗೆ ತುಂಬು, ಹೊರಗೆ ಎಲೆ, ನಡುವೆ ಬಿಗಿಯುವ ಎಲೆಯಿಲ್ಲ. ತೇವ ಕಾಯುವ ಪೆಟ್ಟಿಗೆಯೂ ಬೇಡ, ಜೇಬಿನಲ್ಲಿ ಒಣಗಿಕೊಂಡೇ ಇರುತ್ತದೆ. ನಡುವೆ ಕತ್ತರಿಸಿದರೆ ಇಬ್ಬರಿಗಾಯಿತು. ರುಚಿ ಖಾರ, ಉಪ್ಪು, ಕರಕಲು ಕಟ್ಟಿಗೆ. ಆರಿಹೋದರೂ ಮತ್ತೆ ಹಚ್ಚಿದರೆ ಮುನಿಸಿಲ್ಲ, ಇದನ್ನು ಎಷ್ಟು ದುಬಾರಿ ಸಿಗಾರ್‌ಗಳ ಬಗ್ಗೆ ಹೇಳಬಹುದು? ಚಂದ ಕಾಣಬೇಕೆಂಬ ಹಟವನ್ನೇ ಬಿಟ್ಟಿದ್ದರಿಂದ ಇಲ್ಲಿ ದುಡ್ಡು ಸೊಪ್ಪಿಗೆ ಹೋಗಿದೆ. ಅದಕ್ಕೇ ಕಾಫಿ, ವೆನಿಲಾ ಪರಿಮಳ ಪೂಸಿದ ಅದರ ಪುಟ್ಟ ಆವೃತ್ತಿಗಳನ್ನು ಕಂಡರೆ ಬೇಸರ.

ತಂಬಾಕಿನ ನಾಡಾದ ನಮ್ಮಲ್ಲಿ ಇಂಥದ್ದೇಕಿಲ್ಲ ಎಂದರೆ, ಹುಣಸೂರು, ಪಿರಿಯಾಪಟ್ಟಣದ ಸೊಪ್ಪು ಬ್ಯಾರನ್ ಎಂಬ ಒಣಗುಮನೆಯ ಕಾವಿನಲ್ಲಿ ಬೇಗ ಒಣಗಿದ್ದು. ಸಕ್ಕರೆ ಅದರಲ್ಲೇ ಉಳಿದು ಹೊಗೆ ಆಮ್ಲೀಯವಾಗುತ್ತದೆ, ಸಿಗರೇಟಿಗೆ ಹೊಂದುತ್ತದೆ. ನಿಪ್ಪಾಣಿಯದು ಬೀಡಿಗೆ. ಸಿಗಾರ್ ಸೊಪ್ಪು ನಿಧಾನ ಒಣಗಿ, ಹುದುಗೆದ್ದು, ಸಕ್ಕರೆ ಕಳೆದುಕೊಳ್ಳುತ್ತದೆ. ಅದರ ಕ್ಷಾರೀಯ ಹೊಗೆಯಿಂದ ನಿಕೋಟಿನ್ ಬಾಯಿಯ ಚರ್ಮದಿಂದಲೇ ಒಳಸೇರುತ್ತದೆ. ಎದೆಗೆ ಎಳೆಯದಿದ್ದರೆ ಅಪಾಯವಿಲ್ಲ ಎಂಬ ವಾದ ಹಾಗಾಗಿ ಪೊಳ್ಳು. ಆಂಧ್ರದ ಕರಾವಳಿಯಲ್ಲಿ ಚುಟ್ಟಾದ ಉರಿಯುವ ತುದಿಯನ್ನೇ ಬಾಯೊಳಗಿಟ್ಟು ಸೇದುವ ಹೆಂಗಸರಲ್ಲಿ ಅಂಗುಳಿನ ಕ್ಯಾನ್ಸರ್ ಬಹಳ ಹಿಂದೆಯೇ ವೈದ್ಯರ ಗಮನಕ್ಕೆ ಬಂದಿದೆ.

ತೊಸ್ಕಾನೋಗೆ ಹತ್ತಿರದ ನಂಟು ಇರುವುದು ತಿರುಚ್ಚಿಯ ಚುಟ್ಟಾಕ್ಕೆ. ಉರೈಯೂರಿನಲ್ಲಿ ಸುತ್ತಿದ ಈ ಸರಕು ಒಂದು ಕಾಲಕ್ಕೆ ಲಂಡನ್ನಿನ ಅಂಗಡಿಗಳಿಗೆ ಹೋಗುತ್ತಿತ್ತು. 1887ರ 'ಎ ಸ್ಟಡಿ ಇನ್ ಸ್ಕಾರ್ಲೆಟ್'ನಲ್ಲಿ ಷರ್ಲಾಕ್ ಹೋಮ್ಸ್ ಕೊಲೆಗಾರನ ಸುಳಿವು ಹಿಡಿಯುವುದರಲ್ಲಿ ಇದರ ಕಪ್ಪು, ಹಕ್ಕಳೆಯಂಥ ಬೂದಿಯದೂ ಪಾಲಿದೆ. ಸಿಗಾರ್ ರಸಿಕರು ಮೆಚ್ಚುವುದು ಬಿಳಿಯ, ಗಟ್ಟಿಯ ಬೂದಿಯನ್ನು; ಆ ಅಳತೆಯಲ್ಲಿ ಚುಟ್ಟಾ ಸೋಲುತ್ತದೆ. ಬೂದಿಯ ಬಣ್ಣಕ್ಕೂ ಮಣ್ಣಿನ ಖನಿಜಕ್ಕೂ ನಂಟಿದೆ, ಅದನ್ನು ರುಚಿಯ ಲೆಕ್ಕಕ್ಕೆ ಸೇರಿಸುವುದು ತಪ್ಪು. ಚುಟ್ಟಾದ ಎರಡೂ ತುದಿ ತೆರೆದಿರುವುದರಿಂದ ಕತ್ತರಿ ಬೇಡ. ಹೊಗೆ ದಟ್ಟ, ಖಾರ, ಖಾಲಿ ಹೊಟ್ಟೆಯಲ್ಲಿ ತಲೆ ತಿರುಗಿಸುವಷ್ಟು ಜೋರು. ಆದರೆ ಒಂದೇ ಕಟ್ಟಿನ ಎರಡು ಚುಟ್ಟಾ ಒಂದೇ ಥರ ಇರುವುದಿಲ್ಲ: ಒಂದು ಸುರಂಗದಂತೆ ಒಳಗೊಳಗೇ ಉರಿದುಹೋದರೆ, ಇನ್ನೊಂದು ಎಳೆದರೂ ಬಾರದಷ್ಟು ಬಿಗಿ. ಸೊಪ್ಪು ಯಾವ ವರ್ಷದ್ದು, ಯಾವ ಊರಿನ ಹೊಲದ್ದು ಎಂದು ಕಟ್ಟಿನ ಮೇಲೆ ಒಂದು ಸಾಲು ಅಚ್ಚಾಗಿದ್ದರೆ, ಈ ವ್ಯತ್ಯಾಸದಲ್ಲಿ ಮಣ್ಣಿನದೆಷ್ಟು, ಸುತ್ತುವ ಕೈಯದೆಷ್ಟು ಎಂದಾದರೂ ವಿಚಾರಿಸಬಹುದಿತ್ತು.